ಬೇಲಿಯಾಚೆ ಗೌರಕ್ಕನ ಮನೆ

ರೌಸ್ ಹಿಲ್, ಸಿಡ್ನಿ
೧೬ ಮಾರ್ಚ್ ೨೦೨೫

ಚಿ. ಸೌ. ಹಂಸಾಳಿಗೆ ಅಕ್ಕನ ಪ್ರೀತಿಯ ಆಶೀರ್ವಾದ.

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯದೆ ಕೂತೆ, ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಾದರೆ ನಾನು ಶುರುಮಾಡಿದ ಮಾತನ್ನು ನೀನೇ ಮುಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನನಗೀಗ ಬೀದಿಗಳ ಹುಚ್ಚು ಹಿಡಿದಿದೆ. ಹಿತ್ತಲ ಬೇಲಿಯಾಚೆ ಗೌರಕ್ಕನ ಮನೆ ಇದೆಯಲ್ಲ, ಅವರು ಸಾರಿಗೆ ಒಗ್ಗರಣೆ ಹಾಕಿದರೆ ಇಲ್ಲಿ ನನಗೆ ಸೀನು ಬರುತ್ತದೆ. ಆದರೆ ನಮ್ಮ ಬೀದಿಯೂ ಅವರ ಬೀದಿಯೂ ಕೊನೆಯಲ್ಲಿ ಮುಚ್ಚಿಕೊಂಡಿವೆ. ದೊಡ್ಡ ರಸ್ತೆಗೆ ಹೋಗಿ ಸುತ್ತಿ ಬಂದರೆ ಮುಕ್ಕಾಲು ಗಂಟೆಯ ನಡಿಗೆ. ಕೂಗಳತೆಯ ಮನೆಗೆ ಕಾರು ಬೇಕು. ಮೆಲ್ಬರ್ನ್‌ನಲ್ಲಿ ನಿಮ್ಮ ಬ್ರನ್ಸ್‌ವಿಕ್ ಹಾಗಲ್ಲ, ಒಂದು ಬೀದಿ ತಪ್ಪಿದರೆ ಪಕ್ಕದ್ದು ಅದೇ ಅಂಗಡಿಗೆ ಮುಟ್ಟಿಸುತ್ತದೆ. ಯಾಕೆ ಹೀಗೆ?

ಕೌನ್ಸಿಲ್‌ನಲ್ಲಿ ಕೆಲಸ ಮಾಡುವ ಆದ್ಯಾ, ಗಿರಾವೀನ್ ಬಡಾವಣೆಯ ನಮ್ಮವರ ಹುಡುಗಿ, ಮನೆಗೆ ಬಂದಾಗ ಕೇಳಿದೆ.

"ಆಂಟಿ, ಆ ಬ್ರನ್ಸ್‌ವಿಕ್ ಬೀದಿಗಳು ಜನ ನಡೀತಿದ್ದ ಕಾಲದ್ದು. ಕಾರ್ ಬಂದ್ಮೇಲೆ ಸಿಟಿ ದೂರದೂರ ಬೆಳೀತು. ಮನೆ ಮುಂದೆ ಟ್ರಾಫಿಕ್ ಬೇಡ ಅಂತ ಬೀದಿ ಕ್ಲೋಸ್ ಮಾಡಿದ್ರು. ಹೊಸ ಸಬರ್ಬ್‌ಗಳಲ್ಲಿ ಈಗ ಮತ್ತೆ ಕನೆಕ್ಟ್ ಮಾಡ್ತಿದ್ದಾರೆ," ಎಂದಳು. ನಾವು ನಡುವೆ ಸಿಕ್ಕಿಕೊಂಡವರು.

ಅವಳು ಬಂದದ್ದೂ ಅದಕ್ಕೇ. ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಗೌರಕ್ಕನ ಬೀದಿಗೆ ಒಂದು ಕಾಲುದಾರಿ ಬಿಡಬಹುದಂತೆ, ಅಕ್ಕಪಕ್ಕದವರು ಒಪ್ಪಿದರೆ. ನನಗೆ ಕುಣಿಯುವಷ್ಟು ಖುಷಿ. ಆದರೆ ನಿನ್ನ ಭಾವ, "ಕಂಡಕಂಡೋರೆಲ್ಲ ಕಿಟಕಿ ಕೆಳಗೆ ಓಡಾಡ್ತಾರೆ. ನಿಂಗೇನು, ಕಾರಿಲ್ವಾ?" ಎಂದವರೇ ಒಪ್ಪಿಗೆಯಿಲ್ಲವೆಂದು ಬರೆದು ಕಳಿಸಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತುಂಬಾ ಬೇಸರವಾಯಿತು ಕಣೇ. ಶುಕ್ರವಾರದವರೆಗೆ ಮನಸ್ಸು ಬದಲಿಸಬಹುದು ಎಂದಿದ್ದಾಳೆ ಆದ್ಯಾ.

ನಿನ್ನ ಮಂಡಿನೋವು ಬೇಗ ಇಳಿಯಲಿ, ಮನೆಮಂದಿಯೆಲ್ಲ ತಣ್ಣಗಿರಿ.

ನಿನ್ನ ಅಕ್ಕ,
ಮಹಾಶ್ವೇತಾ

ತಾ.ಕ.: ಇದನ್ನು ನಿನ್ನ ಭಾವನಿಗೆ ನೀನಾಗಿ ಹೇಳಬೇಡ. ನಾನು ಇನ್ನು ಕಾರು ಓಡಿಸಲೇಬಾರದು ಎಂದು ಕಣ್ಣಿನ ಡಾಕ್ಟರು ಹೇಳಿ ತಿಂಗಳಾಯಿತು. ನೋಡಿದ್ದರ ನಡುಭಾಗವೇ ಮಸುಕು, ವಾಸಿಯಾಗುವಂಥದ್ದಲ್ಲ. ಈ ಅಕ್ಷರಗಳು ಇಷ್ಟು ದಪ್ಪಗಿರುವುದೂ ಅದಕ್ಕೇ. ಸ್ಟ್ರೋಕ್ ಆದಂದಿನಿಂದ ನಿನ್ನ ಭಾವ ಸ್ಟೀರಿಂಗ್ ಮುಟ್ಟಿಲ್ಲ, ನನ್ನನ್ನೇ ನಂಬಿದ್ದಾರೆ. ಹೇಗೆ ಹೇಳಲಿ ಎಂದು ಹೆದರಿ, ತಲೆನೋವು ಎನ್ನುತ್ತಾ ದಿನ ತಳ್ಳಿದ್ದೇನೆ. ನನ್ನ ಸಪ್ಪೆ ಮುಖ ನೋಡಲಾರದೆ ಈಗ ಅವರೇ, "ನಡಿ, ಗೌರಕ್ಕನ ಮನೆಗೆ ಹೋಗ್ಬರೋಣ," ಎಂದು ಷೂ ಹಾಕಿಕೊಂಡು ಕಾರಿನಲ್ಲಿ ಕೂತಿದ್ದಾರೆ. ಹೋಗಿ ಪಕ್ಕದಲ್ಲಿ ಕೂತು ಹೇಳಿಬಿಡುತ್ತೇನೆ. ಅವರ ಪಕ್ಕದಲ್ಲಿ ಇರುವುದು ಡ್ರೈವರ್ ಸೀಟು ಒಂದೇ.