ಕಾಟಾದ ತಂತಿ ಐದನೇ ಪೋರ್ಟಿಗೆ

ಆಳಂದ
ಅಕ್ಟೋಬರ್ 9, 2025

ಚಿ. ಸೌ. ಜಯಮಾಲಾ,

ಕಾಲಿನ ಬಾವು ಇಳಿಯಿತೇ? ಎಂಟನೇ ತಿಂಗಳು ನಡೆದಿದೆ. ಕರಜಗಿಯಲ್ಲಿ ತವರಿನವರು ಮುದ್ದು ಮಾಡುತ್ತಾರೆಂದು ದಿನವಿಡೀ ಮಲಗಬೇಡ, ಬೆಳಿಗ್ಗೆ ಸಂಜೆ ಅಂಗಳದಲ್ಲಿ ಅಡ್ಡಾಡು. ರಕ್ತದ ಗುಳಿಗೆ ತಪ್ಪಿಸಬೇಡ. ಫೋನಿನಲ್ಲಿ ಮಾತಾಡಿದರೆ ನಿಮ್ಮ ಮನೆಯವರೆಲ್ಲ ಕಿವಿಗೊಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮಹಾನವಮಿ ಮುಗಿದು ಬೇಳೆ ಮಿಲ್ ತೆರೆದ ದಿನವೇ ಉದ್ದಿನ ಗಾಡಿಗಳು ಬಂದವು. ಗಾಡಿ ಕಾಟಾದ ಮೇಲೆ ನಿಂತರೆ, ತೂಕ ಬರೆಯುವ ದಾವಲಸಾಬನ ಕೋಣೆಯ ಡಬ್ಬಿಯಲ್ಲಿ ತೂಕ ಕಾಣುತ್ತದೆ, ಆಫೀಸಿನ ಕಂಪ್ಯೂಟರಿಗೆ ಮಾತ್ರ ಬರುವುದಿಲ್ಲ. ಅವನು ಚೀಟಿಯಲ್ಲಿ ಕೈಯಿಂದ ಬರೆದು ಕಳಿಸತೊಡಗಿದ. ನನಗೆ ಸಿಟ್ಟು ಬಂತು. ಹಮಾಲರ ಮುಂದೆಯೇ ಕೇಳಿಬಿಟ್ಟೆ: "ಕೈಲೆ ಹೆಚ್ಚುಕಮ್ಮಿ ಬರಿಯೋ ಸಲುವಾಗಿ ಮಷೀನ್ ನೀನೇ ಕೆಡಿಸೀಯೇನಲೇ?" ಇಪ್ಪತ್ತಾರು ವರ್ಷ ನಮ್ಮ ಕಾಟಾ ನೋಡಿದವನು ಕೈಯಲ್ಲಿದ್ದ ಚೀಟಿ ನನ್ನ ಮುಂದಿಟ್ಟು ಮನೆಗೆ ಹೋದ. ಐದು ದಿನವಾಯಿತು. ಹೇಳಿಕಳಿಸಿದರೂ ಬರಲಿಲ್ಲ.

ನಿನ್ನ ಗಂಡ ಕಲಬುರಗಿಯಿಂದ ಯಾರನ್ನೋ ಕರೆಸುತ್ತೇನೆ ಎಂದ. ಬೇಡ ಎಂದೆ. ಮೆಟ್ರಿಕ್‌ವರೆಗೆ ಓದಿದವಳಿಗೆ ಸೊಸೆಯ ಅಕ್ಷರ ಓದಲು ಬಾರದೇ? ಈ ಯಂತ್ರಗಳನ್ನು ಜೋಡಿಸಿದಾಗ ನೀನು ಬರೆದಿಟ್ಟ ನೋಟುಬುಕ್ ತೆರೆದು ಕೂತೆ. ಕಂಪ್ಯೂಟರಿನ ತಂತಿಗಳೆಲ್ಲ ಕೂಡುವ ಸ್ವಿಚ್ಚಿನಲ್ಲಿ ಕಾಟಾ ಇರುವುದು ಎರಡನೇ ಪೋರ್ಟಿನಲ್ಲಿ, ಅಂದರೆ ಎರಡನೇ ತೂತಿನಲ್ಲಿ, ಎಂದು ಸ್ವಿಚ್ಚಿನೊಳಗಿನ ಟೇಬಲ್ಲಿನಲ್ಲಿ ನೀನು ಕಾಯಂ ಮಾಡಿದ್ದೀ. ನೋಡಿದರೆ ತಂತಿ ಐದನೆಯದರಲ್ಲಿದೆ. ಕಂಪ್ಯೂಟರು ಕೇಳಿದ್ದನ್ನೆಲ್ಲ ಸ್ವಿಚ್ಚು ಖಾಲಿ ಬಿದ್ದ ಎರಡನೆಯದಕ್ಕೇ ಕಳಿಸುತ್ತಿತ್ತು. ಆ ಎರಡನೆಯದರ ಒಳಗಿನ ಸಣ್ಣ ಕಡ್ಡಿಗಳು ಬಾಗಿದ್ದರಿಂದ ತಂತಿಯನ್ನು ಮೊದಲಿನ ಜಾಗಕ್ಕೆ ಹಾಕುವಂತಿರಲಿಲ್ಲ. ನಿನ್ನ ಪಾಸ್‌ವರ್ಡ್ ಹಾಕಿ, ಹಳೆಯ ಸಾಲು ಅಳಿಸಿ, ಐದು ಎಂದು ಬರೆದೆ. ತೂಕ ಬಂತು. ಗಾಡಿ ಇಲ್ಲದೆ ಸ್ವಲ್ಪ ಹೊತ್ತು ಕಳೆದದ್ದೇ ಮತ್ತೆ ನಿಂತಿತು. ಕರೆಂಟ್ ಉಳಿಸಲು, ಕೆಲಸವಿಲ್ಲದ ಪೋರ್ಟು ಮಲಗುವಂತೆ ನೀನು ಮಾಡಿಟ್ಟಿದ್ದೀಯಲ್ಲ. ನಮ್ಮ ಹಳೆಯ ಡಬ್ಬಿಗೆ ಅದು ಒಗ್ಗದೆಂದು ಎರಡನೆಯದಕ್ಕೆ ಮಾತ್ರ ನೀನು ಹಾಗೆ ಮಾಡಿರಲಿಲ್ಲ. ಐದನೆಯದಕ್ಕೂ ಆ ಉಳಿತಾಯ ತೆಗೆದು ಸೇವ್ ಒತ್ತಿದೆ. ಆಮೇಲೆ ಹನ್ನೊಂದು ಗಾಡಿ ತೂಗಿದೆವು, ಒಂದೂ ತಪ್ಪಲಿಲ್ಲ. ನಿನ್ನ ಕೆಲಸ ಗಟ್ಟಿ ಇದೆ. ನೋಟುಬುಕ್ಕಿನಲ್ಲಿ ನನ್ನ ತಿದ್ದುಪಡಿ ಕೆಂಪು ಶಾಯಿಯಲ್ಲಿದೆ, ಬಂದ ಮೇಲೆ ನೋಡು.

ಬೀಗರಿಗೆ ನನ್ನ ಶರಣಾರ್ಥಿ ಹೇಳು. ಹೆರಿಗೆ ಸುಸೂತ್ರವಾಗಲಿ, ಬಸವಣ್ಣ ಕಾಯಲಿ.

ನಿನ್ನ ಅತ್ತೆ,
ಗೌರಾಬಾಯಿ

ತಾ.ಕ.: ತಂತಿ ಕಿತ್ತವಳು ನಾನೇ. ಪೂಜೆಯ ದಿನ ಯಾವ ಯಂತ್ರವೂ ದುಡಿಯಬಾರದೆಂದು ಎಲ್ಲ ಬಿಚ್ಚಿ, ಸ್ವಿಚ್ಚಿಗೂ ವಿಭೂತಿ ಹಚ್ಚಿ, ಆಮೇಲೆ ಕಂಡ ಕಂಡ ತೂತಿಗೆ ಸಿಕ್ಕಿಸಿದ್ದೆ. ನಿನ್ನೆ ದಾವಲಸಾಬನ ಮನೆಗೆ ಹೋಗಿ ಇದನ್ನೇ ಹೇಳಿದೆ. ಕುರ್ಚಿ ಹಾಕಿದ, ಚಹಾ ಕೊಡಿಸಿದ, ಆಮೇಲೆ "ನಾಕ ಮಂದಿ ಮುಂದ ಅಂದದ್ದು ಮನ್ಯಾಗ ಕುಂತು ತಿರುಗಿ ತಗೊಂಡ್ರ ಹೆಂಗ್ರಿ, ಅವ್ವಾರ?" ಅಂದ.  ಅದಕ್ಕೇ ಈಗ ಹಮಾಲರನ್ನೆಲ್ಲ ಕೂಡಿಸಿದ್ದೇನೆ, ಅವನೂ ಬಂದು ನಿಂತಿದ್ದಾನೆ. ನಿನ್ನ ಗಂಡ ಸಿದ್ದರಾಮೇಶ ನನ್ನ ಬದಲು ತಾನು ಹೇಳುತ್ತೇನೆ ಅಂತಾನೆ. ಅಂದವಳು ನಾನು, ನಾನೇ ಹೇಳಬೇಕು. ಕಾಗದ ಮಡಚಿ ಹೊರಗೆ ಹೋಗುತ್ತೇನೆ.