ಪೂರ್ತಿ ಅಂಕ ಪಡೆದ ನಮ್ಮೂರು

ಮಾರ್ಚ್ ೧೧, ಮಂಗಳವಾರ

ಇವತ್ತು ನನ್ನ ಪಾಲಿಗೆ ನಮ್ಮೂರ ಪುರಸಭೆಯೇ ಬಂತು. ಜನರಿಗೆ ತಿಳಿಸಬೇಕಾದ್ದನ್ನೆಲ್ಲ ಪುರಸಭೆಗಳು ವೆಬ್‌ಸೈಟಿನಲ್ಲಿ ಹಾಕಿವೆಯೇ ಎಂದು ನೋಡಿ ಅಂಕ ಕೊಡುವವಳು ನಾನು. ಇದನ್ನು ಬೇರೆಯವರಿಗೆ ಕೊಡಿ ಅನ್ನಬಹುದಿತ್ತು. ಅನ್ನಲಿಲ್ಲ.

ಸಭೆಯ ನಡಾವಳಿ ಇತ್ತು, ಟೆಂಡರುಗಳಿದ್ದವು. ಕುಡಿಯುವ ನೀರಿನ ಪರೀಕ್ಷೆಯ ವರದಿಗಳೂ ಇದ್ದವು. ಹೋದ ವರ್ಷದ ಜೂನ್ ತಿಂಗಳದ್ದನ್ನು ತೆರೆದೆ. ನಮ್ಮ ಬೀದಿಗೆ ನೀರು ಬಿಡುವ ಟ್ಯಾಂಕಿನ ಮುಂದೆ ‘ಕುಡಿಯಲು ಯೋಗ್ಯವಲ್ಲ’ ಎಂದಿತ್ತು. ಹಾಕಿದ್ದು ಜೂನ್ ನಾಲ್ಕರಂದು. ಅಪ್ಪನಿಗೆ ವಾಂತಿಭೇದಿ ಶುರುವಾದದ್ದು ಒಂಬತ್ತಕ್ಕೆ, ತೀರಿಕೊಂಡದ್ದು ಹನ್ನೆರಡಕ್ಕೆ.

ಅಕ್ಕನಿಗೆ ಫೋನ್ ಮಾಡಿ ವರದಿಯ ವಿಷಯ ಹೇಳಿದೆ. ಅವತ್ತಿನಿಂದ ಅವಳು ಪುರಸಭೆಯವರನ್ನು ಬೈಯದ ದಿನವಿಲ್ಲ.

“ಮುಚ್ಚಿಟ್ಟಿದ್ರು ತಾನೇ?” ಅಂದಳು.

“ಇಲ್ಲ ಅಕ್ಕ. ಐದು ದಿನ ಮೊದಲೇ ಹಾಕಿದ್ರು.”

“ಇಂಥದ್ದನ್ನ ನೋಡೋದೇ ನಿನ್ನ ಕೆಲಸ ಅಲ್ವೇನೇ,” ಅಂದಳು. ಬೈದದ್ದಲ್ಲ, ಸುಮ್ಮನೆ ಅಂದದ್ದು. ಬೈದಿದ್ದರೆ ಅಳುವಾದರೂ ಬರುತ್ತಿತ್ತೇನೋ.

ಫೋನಿಟ್ಟು, ನೀರಿನ ಕಾಲಮ್ಮಿನಲ್ಲಿ ಹತ್ತಕ್ಕೆ ಹತ್ತು ಬರೆದೆ. ಅವರಿಗೆ ಸಲ್ಲಬೇಕಾದದ್ದೇ ಅದು.

ಆ ವರದಿಯ ಪುಟದ ಕೆಳತುದಿಯಲ್ಲಿ, ಈವರೆಗೆ ನೋಡಿದವರು ಮೂವರು ಎಂದಿತ್ತು. ಅದರಲ್ಲೊಬ್ಬಳು ನಾನು, ಇವತ್ತು.