ಜಲಜಾಕ್ಷಿ ಕುಂಕುಮ ಬೇಡವೆಂದಳು

ಹೊಸನಗರ, ಜುಲೈ ೧೪, ಸೋಮವಾರ

ಮಾಜಿ ಮಂತ್ರಿಗಳ ಮನೆಯವರು ಬ್ಯಾಂಕು ತೆರೆದಾಗ, ಮದುವೆಗೆ ಕರೆಯುವ ಹಾಗೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಹೆಂಗಸರಿಂದ ಠೇವಣಿ ಇಡಿಸಿದವಳು ನಾನು. ಈಗ ಬ್ಯಾಂಕಿಗೆ ಬೀಗ ಬಿದ್ದಿದೆ. ಹಣವೆಲ್ಲ ಅವರ ಅಳಿಯನ ಶಸ್ತ್ರಾಸ್ತ್ರ ವ್ಯಾಪಾರಕ್ಕೆ ಹೋಯಿತೆಂದು ಪತ್ರಿಕೆಗಳ ಆರೋಪ.

ಮಗಳ ನರ್ಸಿಂಗ್ ಓದಿಗೆಂದು ಇಟ್ಟ ಹಣ ಕೇಳಲು ಇಂದು ಜಲಜಾಕ್ಷಿ ಬಂದಿದ್ದಳು. ಹೊರಡುವಾಗ ಎಂದಿನಂತೆ ಕುಂಕುಮದ ಬಟ್ಟಲು ಹಿಡಿದೆ.

“ಬ್ಯಾಡಿ ಅಮ್ಮ. ಅವತ್ತು ಇದನ್ನ ಹಚ್ಕಂಡೇ ಅಲ್ವಾ ದುಡ್ಡು ಕಟ್ಟಿದ್ದು?”

“ಪೇಪರ್‌ನೋರು ಬರೆದಿದ್ದೆಲ್ಲ ನಿಜ ಅಲ್ಲ ಕಣೆ” ಎಂದು ಗದರಿದೆ.

“ಹಂಗಾರೆ ನೀವೇ ಅವ್ರನ್ನ ಕೇಳಿ ಹೇಳಿ. ನಿಮ್ಮ ಮಾತು ತೆಗೆದಾಕಲ್ಲ ಅಂತಿದ್ರಲ್ಲ.”

ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದ್ದೆ. ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. “ನಾಳೆ ಕೇಳಿ ಹೇಳ್ತೀನಿ” ಎಂದು ಬಟ್ಟಲನ್ನು ಒಳಗಿಟ್ಟೆ.